ಮಾತು ಬಿಟ್ಟ ಬ್ರೇಕು

ಕಾರಿನೊಳಗಿನ ಮಾತುಕತೆ ನನಗೆ ಅರ್ಥವಾಗುತ್ತದೆ ಎಂದು ನಾನು ಬಲವಾಗಿ ನಂಬಿದ್ದೆ. ಆ ನಂಬಿಕೆಗೆ ಆಧಾರ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಸ್ಕ್ಯಾನರ್. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ಕಾಯಿಲೆಯನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಅದನ್ನು ತರಿಸಿಕೊಂಡ ದಿನದಿಂದ ನಾನು ಬರೀ ಬ್ಯಾಂಕ್ ಗುಮಾಸ್ತನಾಗಿ ಉಳಿದಿರಲಿಲ್ಲ. ಕುಮಟೆಯ ಸಮಸ್ತ ವಾಹನಗಳ ವೈದ್ಯನಾಗಿದ್ದೆ. ರೋಗಿಗಳು ಮಾತ್ರ ಬಂದಿರಲಿಲ್ಲ!

ಮೊದಲ ರೋಗಿ ನಮ್ಮದೇ ಕಾರು. ಅದೂ ಎಂಥ ದಿನ! ಮರುದಿನ ಹೊನ್ನಾವರದಲ್ಲಿ ಅತ್ತೆಯ ಕಣ್ಣಿನ ಆಪರೇಷನ್. ಅತ್ತೆ ಎಂದರೆ ನನ್ನ ಹೆಂಡತಿ ಸುಮಿತ್ರಾಳ ತಾಯಿ, ಸಂತೆಗುಳಿಯವರು. ಆಪರೇಷನ್ನನ್ನು ಅವರು ವರ್ಷಗಳಿಂದ ಮುಂದೂಡುತ್ತ ಬಂದಿದ್ದರು. ಒಮ್ಮೆ ಹೊರಡುವಾಗ ಯಾರೋ ಸೀನಿದ್ದರು, ಇನ್ನೊಮ್ಮೆ ಬೆಕ್ಕು ಅಡ್ಡ ಹೋಗಿತ್ತು. ಈಗ ಪೊರೆ ಬಲಿತು, ಗೇಟಿನಲ್ಲಿ ನಿಂತವರು ಯಾರೆಂದೂ ಅವರಿಗೆ ಕಾಣುತ್ತಿರಲಿಲ್ಲ. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತಿತ್ತು. ಅಂತೂ ಈ ಸಲ ಒಪ್ಪಿ, ವಾರದ ಹಿಂದೆ ನಮ್ಮ ಕಾರಿನಲ್ಲೇ ಬಂದಿದ್ದರು. ಇನ್ನೊಂದು ಅಪಶಕುನವಾದರೆ ಮತ್ತೆ ಒಪ್ಪುವವರಲ್ಲ.

ಭಾನುವಾರ ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ತುಂಬ ದೀಪಾವಳಿ! ಎಂಜಿನ್ ಕೆಮ್ಮಿ ಸುಮ್ಮನಾಯಿತು. ಗ್ಯಾರೇಜಿಗೆ ರಜೆ. ನಾನು ಗಂಭೀರವಾಗಿ ಸ್ಕ್ಯಾನರ್ ಸಿಕ್ಕಿಸಿದೆ.

"ಎಂತ ಹೇಳ್ತು?" ಸುಮಿತ್ರಾ ಕೇಳಿದಳು.

"ಕಾರೊಳಗೆ ಸುಮಾರು ಸಣ್ಣ ಸಣ್ಣ ಕಂಪ್ಯೂಟರ್ ಇದ್ದು. ಎಲ್ಲವೂ ಎರಡೇ ತಂತಿ ಮೇಲೆ ಮಾತಾಡ್ತು. ಬ್ರೇಕಿಂದು ಈಗ ಮಾತು ಬಿಟ್ಟಿದ್ದು."

"ಯಾರ ಮೇಲೆ ಸಿಟ್ಟಡ?"

"ಅದನ್ನೇ ತನಿಖೆ ಮಾಡವು," ಎಂದೆ.

ತನಿಖೆ ಆರಂಭವಾಯಿತು. ಮೊದಲು ಮೊಬೈಲಿನಲ್ಲಿ ಗುಂಡಿಯೊತ್ತಿ ದೋಷದ ಕೋಡನ್ನೇ ಅಳಿಸಿದೆ. ದೀಪಗಳೆಲ್ಲ ಆರಿದವು. "ಆತು!" ಎಂದು ಕೂಗಿದೆ. ಸುಮಿತ್ರಾ ಅಂಗಳಕ್ಕೆ ಬರುವಷ್ಟರಲ್ಲಿ ಮತ್ತೆ ಹತ್ತಿದವು, ಈ ಸಲ ನೆಂಟರನ್ನೂ ಕರೆದುಕೊಂಡು! ಬ್ರೇಕಿನ ಜೊತೆ ಏರ್‌ಬ್ಯಾಗೂ ಮಾತು ಬಿಟ್ಟಿತ್ತು. ಆಮೇಲೆ ಬ್ಯಾಟರಿ ತಂತಿ ಬಿಚ್ಚಿದೆ. ಫ್ಯೂಸುಗಳನ್ನೆಲ್ಲ ಕಿತ್ತು ಮೊರದಲ್ಲಿ ಹರಡಿದೆ. ಅವುಗಳ ಕಾಲುಗಳು ಮಂಕಾಗಿ ಕಂಡವು. ದೇವರ ದೀಪ ಬೆಳಗುವ ಹುಣಸೆಹಣ್ಣಿನಿಂದಲೇ ತಿಕ್ಕಿ, ತೊಳೆದು, ಬಿಸಿಲಿಗಿಟ್ಟೆ. ಇಷ್ಟು ಶ್ರದ್ಧೆಯಿಂದ ನಾನು ದೇವರ ದೀಪವನ್ನೂ ಬೆಳಗಿದವನಲ್ಲ.

ಎಲ್ಲ ಸೇರಿಸಿ ಬ್ಯಾಟರಿ ಜೋಡಿಸಿದ್ದೇ ತಡ, ಹಾರ್ನ್ ಬಡಿದುಕೊಳ್ಳತೊಡಗಿತು. ನಿಲ್ಲುವುದೇ ಇಲ್ಲ! ಪಕ್ಕದ ಮನೆಯ ಪೈ ಮಾಮ ಬೇಲಿಯ ಹತ್ತಿರ ಬಂದರು.

"ಹೆಗಡೇರೇ, ದಿಬ್ಬಣ ಎಲ್ಲಿಗೆ ಹೊರಟದ್ದು?"

ಗಾಬರಿಯಲ್ಲಿ ಮತ್ತೆ ತಂತಿ ಕಿತ್ತೆ. ಹಾರ್ನ್ ನಿಂತಿತು. ಜಗಲಿಯಿಂದ ಅತ್ತೆಯ ಸಣ್ಣ ದನಿ ಕೇಳಿಸಿತು.

"ಶಕುನ ಸರಿ ಇಲ್ಲೆ, ಸುಮಿತ್ರಾ."

ಹಾರ್ನಿನ ಫ್ಯೂಸನ್ನೇ ಕಿತ್ತೆ; ಅವಸರದಲ್ಲಿ ಅದು ಕೈಜಾರಿ ಮುಂದಿನ ಸೀಟಿನ ಕೆಳಗೆ ಹೋಯಿತು. ಕೈ ಹಾಕಿದೆ. ಕಾರ್ಪೆಟ್ ಒದ್ದೆ! ಮಳೆಗಾಲವಲ್ಲ, ಕಿಟಕಿ ತೆರೆದಿರಲಿಲ್ಲ. ಬೆರಳನ್ನು ನಾಲಿಗೆಗಿಟ್ಟೆ. ಉಪ್ಪು! ಜೊತೆಗೆ ಹಲಸಿನ ವಾಸನೆ. ಅತ್ತೆ ಬರುವಾಗ ನಮಗೆಂದು ಉಪ್ಪುನೀರಿನಲ್ಲಿ ಹಾಕಿದ ಹಲಸಿನ ಸೊಳೆ ತಂದಿದ್ದರು. ಡಿಕ್ಕಿಯಲ್ಲಿಡಲು ಒಪ್ಪದೆ, ಡಬ್ಬಿಯನ್ನು ಮುಂದಿನ ಸೀಟಿನಲ್ಲಿ ತಮ್ಮ ಕಾಲ ಬಳಿಯೇ ಇಟ್ಟುಕೊಂಡಿದ್ದರು. ಕಾರ್ಪೆಟ್ ಎತ್ತಿ ನೋಡಿದರೆ ತಂತಿಗಳ ಜೋಡಣೆಗೆ ಹಸಿರು ಕಿಲುಬು ಹಿಡಿದಿತ್ತು.

ನನ್ನ ಜೀವನದ ಮೊದಲ ಸರಿಯಾದ ರೋಗನಿರ್ಣಯ! ಹಿಗ್ಗು ತಡೆಯಲಾಗಲಿಲ್ಲ.

"ಸಿಕ್ಕಿತು! ಅತ್ತೆ ಸೊಳೆ ನೀರು! ಕಾರು ಹಾಳಾದ್ದು ಅದರಿಂದ್ಲೇ!" ಎಂದು ಪೈ ಮಾಮನಿಗೂ ಕೇಳುವಂತೆ ಕೂಗಿದೆ.

ಯಾರೂ ಹಿಗ್ಗಲಿಲ್ಲ. ಸುಮಿತ್ರಾ ನನ್ನನ್ನು ನೋಡಿದ ರೀತಿಗೆ ಯಾವ ಕೋಡೂ ಇಲ್ಲ. ಅತ್ತೆ ಸೆರಗು ಹೊದ್ದು ಎದ್ದು ನಿಂತರು.

"ಆನು ಬತ್ನಿಲ್ಲೆ. ಊರಿಗೆ ಕಳ್ಸಿ."

ಗೋಡೆ ಸವರುತ್ತ ಒಳಗೆ ಹೋದರು. ಹೊಸ್ತಿಲು ಎಲ್ಲಿದೆಯೆಂದು ಕಾಲಿನಿಂದ ತಡಕಿದ್ದು ಕಂಡಿತು. ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಹಿಂದೆಯೇ ಓಡಿದೆ.

"ಅತ್ತೆ, ನಿಂಗಳದ್ದೆಂತ ತಪ್ಪಿಲ್ಲೆ. ಡಬ್ಬಿ ಸರಿಯಾಗೇ ಇತ್ತು. ಇಳಿಸಕಾದ್ರೆ ಆನೇ ಬೀಳ್ಸಿದ್ದು. ಹೇಳಲೆ ಹೆದರಿಕೆ ಆತು."

ಅಪ್ಪಟ ಸುಳ್ಳು. ಅತ್ತೆ ನನ್ನ ದನಿ ಬಂದ ಕಡೆ ಮುಖ ಮಾಡಿ, ಆಮೇಲೆ ತಮ್ಮ ಕೋಣೆಗೆ ನಡೆದರು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಸೀರೆಯುಟ್ಟು ತಯಾರಾಗಿದ್ದರು. ವಾಹನವೈದ್ಯನು ರೋಗಿಯನ್ನು ಅಂಗಳದಲ್ಲೇ ಬಿಟ್ಟು, ಅತ್ತೆಯ ಕೈ ಹಿಡಿದು ಹೊನ್ನಾವರದ ಬಸ್ಸು ಹತ್ತಿದನು.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆ ಮಗಳನ್ನು ನೋಡಿದರು, ಕಿಟಕಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಅಳಿಯಂದ್ರೇ, ಸಂತೆಗುಳಿಂದ ಬಂದ ದಿನ ದಾರಿ ಪೂರಾ ನೀರು ತಾಗಿ ಕಾಲು ಚಂಡಿ ಆಗಿತ್ತು. ಡಬ್ಬಿ ಸೋರ್ತಾ ಇದ್ದು ಹೇಳಿ ಗೊತ್ತಿತ್ತು."

ಮತ್ತೇಕೆ ಹೇಳಲಿಲ್ಲ ಎಂದು ಕೇಳಿದೆ.

"ಅಳಿಯನ ಕಾರು ಹೊಲಸು ಮಾಡಿದಿ ಹೇಳಿ ಹೆಂಗೆ ಹೇಳದು? ನಾಚ್ಕೆ ಆತು. ನಿಂಗ ಯಂಗೋಸ್ಕರ ಸುಳ್ಳು ಹೇಳಿದ್ರಿ, ಅದಕ್ಕೇ ಬಸ್ ಹತ್ತಿದಿ."

ಆ ದಿನ ದಾರಿಯುದ್ದಕ್ಕೂ ನಾನು ಅವರಿಗೆ ಸ್ಕ್ಯಾನರಿನ ಮಹಿಮೆ ವಿವರಿಸುತ್ತಿದ್ದೆ. ಉಪ್ಪುನೀರಿನಲ್ಲಿ ಕಾಲಿಟ್ಟುಕೊಂಡು ಅವರು ಹೂಂಗುಟ್ಟುತ್ತಿದ್ದರು. ಪಕ್ಕದಲ್ಲಿದ್ದವರತ್ತ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಒಂದು ಮಾತು," ಎಂದರು ಅತ್ತೆ. "ಇನ್ಮೇಲೆ ಕಾರು ರಿಪೇರಿ ಮಾತ್ರ ಮಾಡಡಿ, ಬ್ಯಾಡ."

ಪಟ್ಟಿ ಬಿಚ್ಚಿ ಇನ್ನೂ ಗಳಿಗೆಯಾಗಿರಲಿಲ್ಲ. ಆಗಲೇ ಅವರಿಗೆ ಅಳಿಯ ಸ್ಪಷ್ಟವಾಗಿ ಕಂಡಿದ್ದ!