ಅಡ್ಡ ಬಿದ್ದ ಸಿದ್ದಲಿಂಗ

ಗುಡ್ಡೆಯ ನೆತ್ತಿಯಲ್ಲಿ ಬೆರಳು ತೂರುವಷ್ಟು ಅಗಲದ ಬಿರುಕೊಂದು ಕಂಡಿತು. ಸಿದ್ದಲಿಂಗನ ದಿನ ಕೆಟ್ಟದ್ದೇ ಅಲ್ಲಿಂದ.

ಚಿಕ್ಕಬಾಣಾವರದ ಆಚೆ, ಕಲ್ಲುಕ್ವಾರಿಯ ವೇಸ್ಟು ಸುರಿದು ಸುರಿದು ಬೆಳೆದ ಗುಡ್ಡೆ ಅದು. ಬುಡದಲ್ಲಿ ನಿಂತರೆ ಮೇಲಿನ ಟಿಪ್ಪರುಗಳು ಬೆಂಕಿಪೊಟ್ಟಣಗಳಂತೆ ಕಾಣುತ್ತಿದ್ದವು. ಹಾವೇರಿಯಿಂದ ಬಂದು ಈಚೆಗಷ್ಟೇ ಸೇಫ್ಟಿ ಸೂಪರ್‌ವೈಸರ್ ಆಗಿದ್ದ ಸಿದ್ದಲಿಂಗನಿಗೆ ಅದನ್ನು ನೋಡಿದರೇ ಬಾಯಿ ಒಣಗುತ್ತಿತ್ತು. ಬಿರುಕಿನಾಚೆ ಚಕ್ರ ಇಟ್ಟರೆ ಗಾಡಿಯೂ ಡ್ರೈವರೂ ಪಾತಾಳಕ್ಕೆ.

"ಖಾದರಣ್ಣ, ಅಂಚಿಗೆ ಹೋಗಬ್ಯಾಡ್ರಿ. ಈಚೆಗೇ ಸುರೀರಿ, ಡೋಜರ್ ದಬ್ಬತೈತಿ," ಎಂದ.

ಟಿಪ್ಪರ್ ಡ್ರೈವರ್ ಖಾದರ್ ಬಾಷಾ ನಕ್ಕ. "ಡೋಜರ್ ಕೆಟ್ಟು ಕೂತಿದೆ ಸಾರ್. ನೀವೇ ದಬ್ತೀರಾ?"

ಮ್ಯಾನೇಜರ್ ರಾಮಕೃಷ್ಣಪ್ಪನವರು, "ಬಿರುಕಾ? ನಮ್ಮನೆ ಗೋಡೇಲೂ ಇದೆ ಕಣ್ರೀ," ಎಂದರು. ಎಚ್ಚರಿಕೆಗೆಂದು ಸಿದ್ದಲಿಂಗ ಕೆಂಪು ಬಟ್ಟೆ ಕಟ್ಟಿದರೆ ಯಾರೋ ಬಿಚ್ಚಿಕೊಂಡು ಗಾಡಿಯ ಗ್ಲಾಸು ಒರೆಸಿದರು.

ಗೇಟಿನ ಬಳಿ ಟೀ ಮಾರುವ ಗೋಪಾಲಮ್ಮ ಉಪಾಯ ಹೇಳಿದಳು. "ನಿಂಬೆಅಣ್ಗೆ ಕುಂಕುಮ ಅಚ್ಚಿ ಇಡಪ್ಪ. ಮಾಟ ಅಂತ ಎದ್ರಕಂಡು ಒಬ್ರೂ ದಾಟಲ್ಲ."

ಸಿದ್ದಲಿಂಗ ಅಚ್ಚುಕಟ್ಟಿನ ಮನುಷ್ಯ. ಮಾಟದವರು ಚೆಲ್ಲಾಪಿಲ್ಲಿ ಎಸೆಯುವ ನಿಂಬೆಹಣ್ಣುಗಳನ್ನು ಅವನು ಬಿರುಕಿನುದ್ದಕ್ಕೂ ಸಾಲಾಗಿ ಜೋಡಿಸಿದ.

ದೂರದಿಂದಲೇ ಖಾದರ್ ಬಾಷಾ ಹಾರ್ನ್ ಹೊಡೆದ. "ಗಾಡಿ ಪೂಜೆನಾ? ಹೇಳೋದಲ್ವಾ ಸಾರ್! ಚಕ್ರದಡಿ ಅಪ್ಪಚ್ಚಿ ಮಾಡ್ಬಿಡ್ತೀನಿ!" ಅಂಚಿನ ಕಡೆ ತಲೆಯೇ ಹಾಕದಿದ್ದ ಟಿಪ್ಪರುಗಳೂ ಹಿಂದೆ ಸಾಲುಗಟ್ಟಿದವು.

"ಪೂಜೆ ಅಲ್ರೀ! ನಿಲ್ಲಸ್ರಿ!" ಕೂಗು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಸಿದ್ದಲಿಂಗ ಓಡಿ ಹೋಗಿ ಚಕ್ರಕ್ಕೆ ಅಡ್ಡ ಬಿದ್ದ.

"ಲೇ, ಸಾರ್ ಗುಡ್ಡೆಗೆ ಅಡ್ಡ ಬೀಳ್ತಾವ್ರೆ ಕಣ್ರೋ!" ಎಂದು ಖಾದರ್ ಬಾಷಾ ಭಕ್ತಿಯಿಂದ ಬ್ರೇಕ್ ಒತ್ತಿದ.

ಆಗ ಗುಡ್ಡೆ ಉಸಿರೆಳೆದುಕೊಂಡಂತಾಯಿತು. ಬಿರುಕಿನಾಚೆಯ ನೆಲ ನಿಂಬೆಹಣ್ಣುಗಳ ಸಮೇತ, ತಟ್ಟೆಯಿಂದ ಮುದ್ದೆ ಜಾರಿದಂತೆ ಸದ್ದಿಲ್ಲದೆ ಜಾರಿತು. ಸದ್ದು ಆಮೇಲೆ ಬಂತು. ಬಿಳಿ ಧೂಳು ಎದ್ದು ಸೂರ್ಯನನ್ನೇ ನುಂಗಿತು. ಚಕ್ರದ ಮುಂದೆ ಸಿದ್ದಲಿಂಗ, ಅವನಾಚೆ ಬರೀ ಆಕಾಶ.

"ಯಾ ಅಲ್ಲಾ," ಎಂದ ಖಾದರ್ ಬಾಷಾ, ಅಷ್ಟೇ.

ಧೂಳು ಕೊಡವಿಕೊಂಡು ಎದ್ದ ಸಿದ್ದಲಿಂಗನಿಗೆ ಒಳಗೊಳಗೇ ಹಿಗ್ಗು. ಇನ್ನಾದರೂ ತನ್ನ ಮಾತು ಕೇಳುತ್ತಾರೆ.

ರಾಮಕೃಷ್ಣಪ್ಪನವರು ಏದುಸಿರು ಬಿಡುತ್ತ ಬಂದು ಕೈಮುಗಿದರು. "ಗುಡ್ಡೆನೇ ನಿಮ್ಮ ಮಾತು ಕೇಳ್ತಲ್ಲ ಸ್ವಾಮಿ!" ಆಮೇಲೆ ಡ್ರೈವರುಗಳತ್ತ ತಿರುಗಿದರು. "ಇನ್ನು ಯಾರಿಗೂ ಭಯ ಬೇಡ ಕಣ್ರೋ. ಧೈರ್ಯವಾಗಿ ಅಂಚಿಗೇ ಹೋಗಿ ಸುರೀರಿ. ಸ್ವಾಮಿಗಳು ದಿನಾ ಅಲ್ಲೇ ಅಡ್ಡ ಬಿದ್ದಿರ್ತಾರೆ!"