ಗುರಿ ತಪ್ಪುವ ಶತ್ರು ಮಹಾಶಯರಿಗೆ

ಕುಣಿಗಲ್
ಮಾರ್ಚ್ 1975

ನಮ್ಮೂರ ಟೂರಿಂಗ್ ಟಾಕೀಸಿನ ಯುದ್ಧದ ಪಿಕ್ಚರಿನಲ್ಲಿ ಶತ್ರುಗಳ ಕಡೆಯಿಂದ ಮರದ ಮೇಲೆ ಅಡಗಿ ಕುಳಿತು ದೂರದಿಂದ ಗುಂಡು ಹಾರಿಸುವ ಸಿಪಾಯಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿ ವೆಂಕಟರಂಗಯ್ಯನು ಮಾಡುವ ನಮಸ್ಕಾರಗಳು. ಶತ್ರುವಿಗೆ ಕಾಗದ ಬರೆಯುವುದು ದೇಶದ್ರೋಹವಾದೀತೇ ಎಂದು ಅಳುಕಿತ್ತು. ತಾವು ಪರದೆಯ ಮೇಲಷ್ಟೇ ಇರುವವರಾದ್ದರಿಂದ ಅಡ್ಡಿಯಿಲ್ಲವೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ದಿನಾ ಸಂಜೆ ಇಂಟರ್‌ವೆಲ್ಲಿಗೆ ಮುಂಚೆ ಹಣೆಗೆ ಗುಂಡು ತಗಲಿ ತಲೆಕೆಳಗಾಗಿ ಬೀಳುತ್ತಿದ್ದರೂ ಮರುದಿನ ತಪ್ಪದೆ ಡ್ಯೂಟಿಗೆ ಹಾಜರಾಗುತ್ತಿರುವುದರಿಂದ ತಾವು ಕ್ಷೇಮವೆಂದು ನಂಬಿದ್ದೇನೆ.

ಮೊದಲಿಗೆ ತಮ್ಮ ಧೈರ್ಯಕ್ಕೆ ಶರಣು. ಒಂದೂ ಎಲೆಯಿಲ್ಲದ ಮರದ ತುದಿಯಲ್ಲಿ, ಕೊರಳಿಗೆ ಕೆಂಪು ವಸ್ತ್ರ ಸುತ್ತಿ, ಬಾಯಲ್ಲಿ ಹೊಗೆಯಾಡುವ ಸಿಗರೇಟು ಇಟ್ಟುಕೊಂಡು ಬಚ್ಚಿಟ್ಟುಕೊಳ್ಳುವುದು ಕಂಡಕಂಡವರ ಕೈಲಾಗುವ ಕೆಲಸವಲ್ಲ. ಬಂದೂಕಿನ ದುರ್ಬೀನಿಗೆ ಕಣ್ಣಿಡುವ ಮೊದಲು ಸೋಡಾ ಅಂಗಡಿಯವರೆಗೂ ಕೇಳುವಂತೆ ಹಹ್ಹಹ್ಹಾ ಎಂದು ನಗುತ್ತೀರಲ್ಲ, ಆ ಸೌಜನ್ಯಕ್ಕೆ ನಮ್ಮ ಹೀರೋ ತಮಗೆ ಜನ್ಮವಿಡೀ ಋಣಿಯಾಗಿರಬೇಕು. ಅವನು ಬಟಾಬಯಲಲ್ಲಿ ನಿಂತು ಹೀರೋಯಿನ್ನಿನ ಫೋಟೋ ನೋಡುತ್ತಾ ಒಂದು ಹಾಡನ್ನು ಪೂರ್ತಿ ಮುಗಿಸುವ ತನಕ ತಮ್ಮ ಗುಂಡುಗಳು ಅವನ ಕಿವಿಯ ಅಕ್ಕಪಕ್ಕದಲ್ಲೇ ಮರ್ಯಾದೆಯಿಂದ ಹಾದುಹೋಗುತ್ತವೆ. ಹಾಡು ಮುಗಿಸಿಕೊಂಡು ಅವನು ಓಡುವ ಜೀಪಿನಿಂದ, ಅದೂ ಹಿಂದಕ್ಕೆ ತಿರುಗಿ, ಒಂದೇ ಒಂದು ಗುಂಡು ಹಾರಿಸಿದರೆ ಅದು ಗುಡ್ಡ ದಾಟಿ ಬಂದು ತಮ್ಮ ಹಣೆಯನ್ನೇ ಹುಡುಕುತ್ತದೆ. ಟೆಂಟಿನೊಳಗೆ ಶಿಳ್ಳೆಯೋ ಶಿಳ್ಳೆ. ಮೊದಲ ದಿನ ನಾನೂ ಹಾಕಿದ್ದೆ, ಸುಳ್ಳೇಕೆ ಹೇಳಲಿ.

ಇದು ತಮ್ಮೊಬ್ಬರ ಕಾಯಿಲೆಯಲ್ಲ ಎಂಬುದು ತುಮಕೂರಿಗೆ ಹೋದಾಗ ಇಂಗ್ಲಿಷ್ ಪಿಕ್ಚರ್ ನೋಡಿ ತಿಳಿಯಿತು. ಅಲ್ಲಿ ಜರ್ಮನಿಯವರಿಗೂ ಎದುರಿಗಿದ್ದ ಅಮೆರಿಕದವನು ಕಾಣಿಸುತ್ತಿರಲಿಲ್ಲ, ಪಾಪ. ಪಿಕ್ಚರ್ ಯಾವ ದೇಶದ್ದೋ ಆ ದೇಶದವರಿಗೆ ಗುಂಡು ತಗಲುವುದಿಲ್ಲವೆಂಬುದು ಈ ಧಂದೆಯ ಕಟ್ಟಳೆ ಇರಬೇಕು. ತಮ್ಮ ದೇಶದಲ್ಲೂ ಟೆಂಟುಗಳಿದ್ದಾವು, ಅಲ್ಲಿ ಮರ ಹತ್ತಿ ಗುರಿ ತಪ್ಪುವವರು ನಮ್ಮ ಹುಡುಗರೇ ಇದ್ದಾರು. ಎರಡೂ ಕಡೆಯವರು ಹೀಗೆ ತಪ್ಪುತ್ತಲೇ ಇದ್ದರೆ ಯುದ್ಧದಲ್ಲಿ ಸತ್ತವರೆಲ್ಲ ಯಾವ ಜ್ವರ ಬಂದು ಸತ್ತರೋ ತಿಳಿಯದು.

ನಮ್ಮ ಕಡೆ ಈ ಕಟ್ಟಳೆ ಇಲ್ಲ, ಮಾನ್ಯರೇ. ನಮ್ಮ ಹುಟ್ಟೂರು ಕೊತ್ತಗೆರೆಯಲ್ಲಿ ಪೌರಾಣಿಕ ನಾಟಕ ಆಡಿದರೆ ಗದೆ ಹೊತ್ತು ಕೊನೆಗೆ ಸಾಯುವ ಎದುರು ರಾಜನ ಪಾತ್ರಕ್ಕೇ ಪೈಪೋಟಿ. ಹಾರ್ಮೋನಿಯಂ ಮೇಷ್ಟ್ರ ಕೈಕಾಲು ಹಿಡಿದು ಆ ಪಾರ್ಟು ಗಿಟ್ಟಿಸಿಕೊಳ್ಳುತ್ತಾರೆ. ನನ್ನ ತಮ್ಮ ಅಂಜಿನಪ್ಪ ಮಿಲಿಟರಿಗೆ ಸೇರುವ ಮುಂಚೆ ಆ ವೇಷ ಕಟ್ಟಿದ್ದ. ಅವನು ಬಿದ್ದು ಪ್ರಾಣ ಬಿಟ್ಟಾಗ ಜನ ಒನ್ಸ್ ಮೋರ್ ಎಂದು ಕೂಗಿದರು. ಅವನು ಎದ್ದು, ಕಂದಪದ್ಯ ಹಾಡಿ, ಇನ್ನೊಂದು ಸಲ ಚೆನ್ನಾಗಿ ಸತ್ತ. ಎದುರಾಳಿ ಗಟ್ಟಿಯಾಗಿದ್ದರೆ ತಾನೆ ಗೆದ್ದವನಿಗೂ ಬೆಲೆ, ಸೋತವನಿಗೂ ಬೆಲೆ?

ಈಗ ದೂರಿಗೆ ಬರುತ್ತೇನೆ. ಅಂಜಿನಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ತೀರಿಕೊಂಡ. ದೇಹ ಊರಿಗೆ ಬರಲಿಲ್ಲ. ಅವನ ಜೊತೆಗಿದ್ದ ಗುಬ್ಬಿಯ ಚನ್ನವೀರಯ್ಯ ರಜೆಯಲ್ಲಿ ಮನೆಗೆ ಬಂದು ನಮ್ಮ ತಾಯಿ ದೊಡ್ಡಗಂಗಮ್ಮನ ಎದುರು ಕೂತು ಹೇಳಿದ: “ಒಬ್ನೇ ಒಬ್ಬ ಇದ್ದ ಕಣಮ್ಮ ಆ ಕಡೆ. ಎಲ್ಲವ್ನೆ ಅಂತ ಕೊನೇವರ್ಗೂ ಗೊತ್ತಾಗ್ನಿಲ್ಲ. ನಾವ್ಯಾರೂ ತಲೆ ಎತ್ತಂಗಿರ್ಲಿಲ್ಲ. ಅಂಜಿನಪ್ಪ ನೀರಿನ ಡಬ್ಬ ಎಳ್ಕೊಳಾಕೆ ಒಂದ್ ಚಣ ಎದ್ದ, ಅಷ್ಟೇಯ. ನೋವೇ ಗೊತ್ತಾಗಿಲ್ಲ ಅವನ್ಗೆ.” ಆ ಮಾತೇ ನಮ್ಮಮ್ಮನಿಗೆ ಅನ್ನ ನೀರು ಆಯಿತು. ಬಾವಿಕಟ್ಟೆಯಲ್ಲಿ ಯಾರಾದರೂ ಅಯ್ಯೋ ಎಂದರೆ, “ನನ್ ಮಗನ್ನ ಹೊಡ್ದೋನು ಅಂತಿಂತೋನಲ್ಲ ಕಣೇ, ಮೈಲಿ ದೂರ್ದಿಂದ ಹೊಡ್ದವ್ನೆ” ಎನ್ನುತ್ತಿದ್ದಳು. ತಮ್ಮ ಗುರಿಯ ಮೇಲೆ ನಮ್ಮ ಮನೆಯ ಮರ್ಯಾದೆ ನಿಂತಿತ್ತು.

ಹೀಗಿರುವಾಗ ಪಕ್ಕದ ಮನೆ ಹನುಮಕ್ಕ, “ಮಿಲ್ಟ್ರಿ ಪಿಚ್ಚರ್ ಬಂದದೆ, ಮಗನ್ನ ನೋಡ್ದಂಗಾಯ್ತದೆ ಬಾ” ಎಂದು ಅಮ್ಮನನ್ನು ತಮ್ಮ ಸನ್ನಿಧಾನಕ್ಕೆ ಕರೆದುಕೊಂಡು ಹೋದಳು. ಅಮ್ಮ ಹೊರಗೆ ಬಂದವಳು ಸೀದಾ ನನ್ನ ಅಂಗಡಿಗೆ ಬಂದು ನಿಂತಳು. “ಅಷ್ಟೊತ್ತು ಸುಟ್ನಲ್ಲೋ ಅವ್ನು! ನಿಂತ್ಕೊಂಡು ಹಾಡೋನ್ಗೇ ಒಂದೂ ತಗುಲ್ನಿಲ್ಲ. ಅಂಥಾ ಕೈಲಾಗ್ದೋನು ನನ್ ಮಗನ್ನ ಹೊಡ್ದ ಅಂದ್ರೆ ನಂಬ್ಬೇಕಾ? ನಿಜ ಹೇಳ್ಲಾ, ಅಂಜಿನಪ್ಪ ಹೆದರ್ಕೊಂಡು ಓಡ್ಹೋದ್ನೇನ್ಲಾ?” ಎಂದು ಕೇಳಿದಳು. ಅದು ಪಿಕ್ಚರ್ ಕಣಮ್ಮ ಎಂದೆ. ಗುಬ್ಬಿಗೆ ಹೇಳಿ ಕಳಿಸಿ, ಮತ್ತೆ ರಜೆಗೆ ಬಂದಿದ್ದ ಚನ್ನವೀರಯ್ಯನನ್ನೇ ಕರೆಸಿದೆ. ಅಮ್ಮ ಅವನಿಗೆ ಕಾಫಿ ಕೊಟ್ಟು, “ನೀನು ಅವನ ಸ್ನೇಯ್ತ, ಬುಟ್ಕೊಡ್ತೀಯಾ?” ಎಂದು ಬಾಯಿ ಮುಚ್ಚಿಸಿದಳು.

ಅಷ್ಟಕ್ಕೇ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಂಜಿನಪ್ಪನ ಫೋಟೋಗೆ ಹಾಕಿದ್ದ ಹಾರ ಇಲ್ಲ. ಬದುಕಿರುವವರ ಫೋಟೋಗೆ ಹಾರ ಹಾಕಬಾರದಲ್ಲ, ಅದಕ್ಕೆ ಅಮ್ಮನೇ ತೆಗೆದಿದ್ದಾಳೆ. ಓಡಿಹೋದವನು ಎಲ್ಲಾದರೂ ಇದ್ದೇ ಇರುತ್ತಾನೆ, ನಾಚಿಕೆ ಕಳೆದ ಮೇಲೆ ಬರುತ್ತಾನೆ ಎಂಬುದು ಅವಳ ಲೆಕ್ಕ. ಈಗ ದಿನಾ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ತುಮಕೂರಿನ ಬಸ್ಸುಗಳಿಂದ ಇಳಿಯುವವರ ಮುಖ ನೋಡುತ್ತಾಳೆ. ಕೊನೆಯ ಬಸ್ಸು ಹೋದ ಮೇಲೆ ನಾನೇ ಕೈಹಿಡಿದು ಮನೆಗೆ ಕರೆದೊಯ್ಯುತ್ತೇನೆ, ಮಾನ್ಯರೇ.

ಆದ್ದರಿಂದ ನನ್ನ ನಮ್ರ ಬಿನ್ನಹವೇನೆಂದರೆ, ಮುಂದಿನ ವಾರ ಪಿಕ್ಚರಿನ ಡಬ್ಬಗಳು ಹುಲಿಯೂರುದುರ್ಗಕ್ಕೆ ಹೊರಡುವುದರೊಳಗೆ ತಾವು ದಯಮಾಡಿ ಸಿಗರೇಟು ಆರಿಸಿ, ಕೆಂಪು ವಸ್ತ್ರ ಬಿಚ್ಚಿಟ್ಟು, ಎಲೆಯಿರುವ ಯಾವುದಾದರೂ ಮರಕ್ಕೆ ವರ್ಗಾವಣೆ ಮಾಡಿಸಿಕೊಂಡು, ನಗದೆ, ಒಂದು ಆಟದಲ್ಲಿ ಒಂದೇ ಒಂದು ಗುಂಡನ್ನು ಗುರಿಗೆ ಮುಟ್ಟಿಸಬೇಕು. ಹೀರೋ ಸತ್ತರೆ ಮುಂದಿನ ಹಾಡು ಯಾರು ಹಾಡಬೇಕೆಂಬ ತೊಡಕಿದ್ದರೆ ಪಕ್ಕದಲ್ಲಿ ನೀರು ಹೊರುವವನಾದರೂ ಆದೀತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಅಮ್ಮನನ್ನು ಕೂರಿಸುವ ಜವಾಬ್ದಾರಿ ನನ್ನದು. ಹಾರಕ್ಕೆ ಹೂವನ್ನೂ ತಂದಿಟ್ಟಿರುತ್ತೇನೆ.

ಇಂತಿ,
ತಮ್ಮ ಗುರಿಯ ಮೇಲೆ ಭರವಸೆ ಕಳೆದುಕೊಳ್ಳದ, ಈ ಊರಿನಲ್ಲಿ ತಮಗಿರುವ ಒಬ್ಬನೇ ವಿಶ್ವಾಸಿ,
ವೆಂಕಟರಂಗಯ್ಯ

ತಾ.ಕ.: ಕಾಗದ ಮಡಿಸುವಾಗ ಇನ್ನೊಂದು ಮಾತು ನೆನಪಾಯಿತು. ಹಾಡು ಹೇಳುವವನಿಗೆ ದಿನಾ ಇಷ್ಟು ಚೆನ್ನಾಗಿ ಗುರಿ ತಪ್ಪುತ್ತೀರಲ್ಲ, ಅವತ್ತು ನನ್ನ ತಮ್ಮ ನೀರಿನ ಡಬ್ಬಕ್ಕೆ ಎದ್ದಾಗ ತಮಗೆ ಏನಾಗಿತ್ತು?