ಸದ್ದು ಅನ್ನಬೇಡ, ಹಾಡು ಅನ್ನು!

ನಮ್ಮ ಸೋದರಮಾವನ ಸಂಗೀತ ಕಛೇರಿಯನ್ನು ಮೊದಲಿನಿಂದ ಕೊನೆಯ ತನಕ ಕೇಳಿದ ಜೀವ ಈ ಭೂಮಿಯ ಮೇಲೆ ಒಂದೇ ಒಂದು. ಅದು ಅವನದೇ ಕೊಟ್ಟಿಗೆಯ ಎಮ್ಮೆ. ಅದನ್ನೂ ಕಟ್ಟಿಹಾಕಿದ್ದರು ಅನ್ನುವುದನ್ನು ನಾನು ಹೇಳಬಾರದು, ಆದರೂ ಹೇಳಿಬಿಡುತ್ತೇನೆ!

ಸಂಗೀತ ಎಂದ ಕೂಡಲೇ ನೀವು ವೀಣೆ, ಪಿಟೀಲು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಮಾವನದು ಕರೆಂಟಿನ ಸಂಗೀತ. ಎಪ್ಪತ್ತರ ದಶಕದ ಕೊನೆಯ ಮಾತು. ಮಾಕಳಿಯ ಮನೆಯಿಂದ ಪೀಣ್ಯದ ಫ್ಯಾಕ್ಟರಿಗೆ ದಿನಾ ಸೈಕಲ್ ತುಳಿಯುತ್ತಿದ್ದ ಮಾವ ಅಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದ. ನಾನು ಅದೇ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಗುಮಾಸ್ತ, ವಾಸ ಅವನ ಮನೆಯಲ್ಲೇ. ರಿಜೆಕ್ಟ್ ಆದ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಸಾಹೇಬರ ಒಪ್ಪಿಗೆ ಪಡೆದು ಮಾವ ಚೀಲಗಟ್ಟಲೆ ಮನೆಗೆ ಸಾಗಿಸುತ್ತಿದ್ದ. ಅದಕ್ಕೆ ಗೇಟ್ ಪಾಸ್ ಬರೆಯುವ ಕರ್ಮ ನನ್ನದು.

"ಮಾವ, ಐಟಮ್ ಏನಂತ ಬರೀಲಿ?"

"ಸಂಗೀತ ಅಂತ ಬರಿ."

ಬರೆದೆ. ಗೇಟಿನ ವಾಚ್‌ಮನ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸಂಗೀತ ಎಷ್ಟು ಸಾರ್?"

"ಒಂದು ಚೀಲ."

"ವಾಪಸ್ ತರೋದಾ, ತರದೇ ಇರೋದಾ?"

"ಒಂದ್ಸಲ ಹೊರಗೆ ಬಂದ ಸಂಗೀತ ವಾಪಸ್ ಹೋಗ್ತದೇನಣ್ಣ?" ಅಂದ ಮಾವ. ವಾಚ್‌ಮನ್ ಸೀಲು ಒತ್ತಿ ಕೈ ಮುಗಿದ!

ಹೀಗೆ ಹೊರಬಂದ ಸಂಗೀತ ಒಂದು ಮರದ ಪೆಟ್ಟಿಗೆಯೊಳಗೆ ಸೇರಿಕೊಂಡಿತು. ಪೆಟ್ಟಿಗೆಯ ಮೇಲೆ ತಾಮ್ರದ ತಂತಿಯೊಂದು ನೆಟ್ಟಗೆ ನಿಂತಿರುತ್ತಿತ್ತು. ಅದನ್ನು ಮುಟ್ಟುವಂತಿಲ್ಲ. ಕೈ ಹತ್ತಿರ ತಂದರೆ ಸ್ವರ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ. ತಿರುಗಿಸುವ ನಾಬ್‌ಗಳಿಗೆ ಹಲ್ಲುಪೇಸ್ಟಿನ ಮುಚ್ಚಳಗಳು. ಸ್ಪೀಕರಿನ ಮುಂದೆ ಜೋಡಿಸಿದ್ದು ಏನು ಅನ್ನುತ್ತೀರಿ? ಅತ್ತೆಯ ಜರಡಿ!

"ರೀ, ನನ್ ಜರಡಿ ಎಲ್ಲೋಯ್ತು?"

"ಸಂಗೀತ ಜರಡಿ ಹಿಡೀತಾ ಇದೆ ಕಣೇ."

"ಆ ಸದ್ದಿಗೆ ಜರಡಿ ಬೇರೆ ಕೇಡು!"

ಸದ್ದು. ಅತ್ತೆ ಅದನ್ನು ಯಾವತ್ತೂ ಬೇರೆ ಹೆಸರಿನಿಂದ ಕರೆದವಳಲ್ಲ. ಸದ್ದು ನಿಲ್ಸಿ ಊಟಕ್ಕೆ ಬನ್ನಿ, ಸದ್ದು ಅತ್ತಾಗಿಡಿ ನೆಲ ಸಾರಿಸ್ಬೇಕು. ಊರಿನವರು ಹುಚ್ಚ ಅಂದರೂ ನಗುತ್ತಿದ್ದ ಮಾವ ಈ ಎರಡಕ್ಷರಕ್ಕೆ ಮಾತ್ರ ಕುಗ್ಗಿಹೋಗುತ್ತಿದ್ದ. ಒಮ್ಮೆ ಸೈಕಲ್ ತುಳಿಯುತ್ತಾ ನನ್ನ ಹತ್ತಿರ ಹೇಳಿಯೇಬಿಟ್ಟ: "ಊರೋರು ಏನಾದ್ರೂ ಅನ್ಲಿ ಕಣೋ. ಅವ್ಳು ಒಂದೇ ಒಂದ್ಸಲ ಹಾಡು ಅಂದ್ಬಿಟ್ರೆ ಸಾಕು, ನಾನು ಗೆದ್ದಂಗೆ."

ಎಮ್ಮೆಯ ವಿಷಯಕ್ಕೆ ಬರೋಣ. ಮಾವ ಅಭ್ಯಾಸ ಮಾಡುತ್ತಿದ್ದದ್ದು ಕೊಟ್ಟಿಗೆಗೆ ಅಂಟಿದ ಪಡಸಾಲೆಯಲ್ಲಿ. ಎಮ್ಮೆ ಮೂತಿ ಚಾಚಿದರೆ ಸ್ವರ ಮೇಲಕ್ಕೆ ಹೋಗುತ್ತಿತ್ತು, ಹಿಂದೆ ಸರಿದರೆ ಇಳಿಯುತ್ತಿತ್ತು. ಬೇರೆಯವರಾಗಿದ್ದರೆ ಎಮ್ಮೆಯನ್ನು ಓಡಿಸುತ್ತಿದ್ದರು. ಮಾವ ತನ್ನ ನೋಟ್‌ಬುಕ್ಕಿನಲ್ಲಿ "ಇಲ್ಲಿ ಎಮ್ಮೆ" ಅಂತ ಗುರುತು ಹಾಕಿಕೊಂಡ!

"ನಿಮ್ಗಿಂತ ಅದೇ ವಾಸಿ," ಅಂದಳು ಹಕಾರ ಬಾಯಿಗೆ ಬಾರದ ನಮ್ಮ ಅತ್ತೆ. "ಸದ್ದು ಮಾಡಿದ್ರೂ ಆಲು ಕೊಡ್ತದೆ."

ಅವನು ಕಟ್ಟಿದ ಮಹಾಕೃತಿ ಒಂದಿತ್ತು. ಮೊದಲಿಗೆ ಉದ್ದಕ್ಕೆ ಏರುವ "ಊಂ", ಆಮೇಲೆ ಮೂರು ಸಲ ಜಾರಿ ಇಳಿಯುವ ಸ್ವರ, ಕೊನೆಗೆ ಒಂದು "ಕುಯ್ಕ್". ಆ ಕುಯ್ಕ್ ಒಳಗಿನ ಸಡಿಲ ವೈರಿನದು. ಸರಿ ಮಾಡಬಾರದೇ ಅಂದರೆ, "ಅದೇ ಅದರ ಜೀವ ಕಣೋ, ಸುಮ್ನಿರು" ಅನ್ನುತ್ತಿದ್ದ.

ಆ ವರ್ಷದ ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ಮಾವನಿಗೆ ನುಡಿಸಲು ಹತ್ತು ನಿಮಿಷ ಸಿಕ್ಕಿತು. ಲೇತ್ ಮೆಷಿನ್ನುಗಳ ಜೊತೆ ಪೆಟ್ಟಿಗೆಗೂ ಕುಂಕುಮ, ಚೆಂಡುಹೂವು. ಎಲ್ಲರ ಮನೆಯವರೂ ಬಂದಿದ್ದರು, ಅತ್ತೆಯೂ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ದೇವರನಾಮ ಹಾಡಲು ಬಂದಿದ್ದ ಮೇಷ್ಟ್ರು ಪೆಟ್ಟಿಗೆಯ ಕಡೆ ಬಗ್ಗಿ, "ಯಾವ ರಾಗ ನುಡಿಸ್ತೀರಿ?" ಎಂದು ವಿಚಾರಿಸಿದರು.

"ಹೊಸಾ ಬ್ಯಾಟರಿ ಹಾಕಿದ್ರೆ ಒಂದು ರಾಗ ಸಾರ್, ಹಳೇದಾದ್ರೆ ಇನ್ನೊಂದು."

ಮಾವ ಕೈ ಎತ್ತಿದ. "ಊಂ..." ಎಂದು ಸ್ವರ ಏರಿತು. ನೋಡಿ, ನಮ್ಮ ಫ್ಯಾಕ್ಟರಿಯ ಶಿಫ್ಟ್ ಬಿಡುವ ಸೈರನ್ನೂ ಹಾಗೆಯೇ ಏರುತ್ತಿತ್ತು! ಅಷ್ಟು ವರ್ಷಗಳ ಅಭ್ಯಾಸ ಬಿಡುತ್ತದೆಯೇ? ಇಡೀ ಸಭೆ ಎದ್ದು ನಿಂತಿತು. ಫಸ್ಟ್ ಶಿಫ್ಟಿನವರು ಊಟದ ಡಬ್ಬಿ ಹುಡುಕಿದರು, ಸೆಕೆಂಡ್ ಶಿಫ್ಟಿನವರು ಒಳಗೆ ನುಗ್ಗಿದರು, ಬಾಗಿಲಲ್ಲಿ ಇಬ್ಬರಿಗೂ ಡಿಕ್ಕಿ. ಮ್ಯಾನೇಜರ್ ಸಾಹೇಬರು ಗಡಿಯಾರ ನೋಡಿಕೊಂಡರು. ಜನ ನಗುತ್ತಾ ವಾಪಸ್ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದು, ಮೇಷ್ಟ್ರು ದೇವರನಾಮ ಎತ್ತಿಕೊಂಡಿದ್ದರು.

"ನೋಡಿದ್ಯೇನೇ, ಎಲ್ರೂ ಎದ್ದು ನಿಂತು ಮರ್ಯಾದೆ ಕೊಟ್ರು!" ಅಂದ ಮಾವ, ದಾರಿಯಲ್ಲಿ.

"ಕೊಟ್ರು ಕೊಟ್ರು. ನಿಮ್ ಸದ್ದಿಗೆ ಜನ ಡಬ್ಬಿ ಎತ್ಕೊಂಡು ಓಡೋದ್ರು, ನಾ ತಲೆ ಎಲ್ಲಿಟ್ಕೊಳ್ಳಾನ ಏಳಿ."

ಮಾವ ನಕ್ಕ. ಆದರೆ ಮನೆಗೆ ಬಂದವನೇ ಜರಡಿಯನ್ನು ಬಿಚ್ಚಿ, ತೊಳೆದು, ಅಡುಗೆಮನೆಯ ಮೊಳೆಗೆ ತೂಗುಹಾಕಿದ. ಪೆಟ್ಟಿಗೆ ಅಟ್ಟ ಸೇರಿತು. ಒಂದು ತಿಂಗಳು ಮನೆಯಲ್ಲಿ ಎಷ್ಟು ನಿಶ್ಶಬ್ದವೆಂದರೆ ಎಮ್ಮೆಯೂ ಆಗಾಗ ಪಡಸಾಲೆಗೆ ಮೂತಿ ಚಾಚಿ ನೋಡುತ್ತಿತ್ತು. ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಮಾವ ರೇಗಾಡಿದ್ದರೆ ಸಹಿಸಬಹುದಿತ್ತು, ಅವನು ಹೊತ್ತಿಗೆ ಸರಿಯಾಗಿ ಊಟಕ್ಕೆ ಬರತೊಡಗಿದ್ದ!

ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಸೈಕಲ್ ಒರೆಸುತ್ತಿದ್ದೆವು. ಹಿತ್ತಿಲಲ್ಲಿ ಅತ್ತೆ ದೋಸೆಗೆ ರುಬ್ಬುತ್ತಿದ್ದಳು. ಒರಳಿನ ಗುಂಡು ತಿರುಗಿದಂತೆಲ್ಲ ಅವಳು ತನ್ನ ಪಾಡಿಗೆ ಏನನ್ನೋ ಗುನುಗುತ್ತಿದ್ದಳು. ಉದ್ದಕ್ಕೆ ಏರಿತು. ಮೂರು ಸಲ ಜಾರಿ ಇಳಿಯಿತು. ಆಮೇಲೆ ನಾಲಿಗೆಯಿಂದ, ಬಲು ಅಚ್ಚುಕಟ್ಟಾಗಿ, "ಕುಯ್ಕ್"!

ಮಾವನ ಕೈಯ ಬಟ್ಟೆ ಕೆಳಗೆ ಬಿತ್ತು. ಬೆಕ್ಕಿನ ಹಾಗೆ ನಡೆದು ಹಿತ್ತಿಲ ಬಾಗಿಲಲ್ಲಿ ನಿಂತ. ನಾನು ಅವನ ಹಿಂದೆ ನಿಂತೆ.

"ಏನೇ ಅದು?" ಅಂದ.

ಅತ್ತೆ ತಲೆಯನ್ನೂ ಎತ್ತಲಿಲ್ಲ. "ಯಾವ್ದೋ ಆಡು ಕಣ್ರೀ. ಎಲ್ಲಿ ಕೇಳಿದ್ನೋ ಏನೋ, ಒಂದ್ ತಿಂಗ್ಳಿಂದ ಬಾಯಿಗೆ ಅಂಟ್ಕೊಂಡ್ಬಿಟ್ಟದೆ. ಚೆನ್ನಾಗದೆ ಅಲ್ವಾ?"

"ಚೆನ್ನಾಗದೆ," ಅಂದ ಮಾವ.

ಅವನ ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ, "ಅತ್ತೇ, ಅದು..." ಅಂತ ಬಾಯಿ ತೆರೆದೆ. ಮಾವ ತಟ್ಟನೆ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡ.

"ಸುಮ್ನಿರೋ," ಅಂದ ಮೆಲ್ಲಗೆ. "ಹೇಳಿದ್ರೆ ನಿಲ್ಲಿಸ್ಬಿಡ್ತಾಳೆ."